ಕುರಿಯ ಕಿವಿ ಮತ್ತು ನನ್ನ ಆರನೇ ಸೆಮಿಸ್ಟರ್

ಕಳೆದ ವಾರ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಸಿಂದಗಿ ಬಸ್ಸು ಹತ್ತಿ ಕೂತಿದ್ದೆ. ಮಳೆಗೆ ಪೂರ್ತಿ ತೊಯ್ದ ಕಂಬಳಿ ಹೊದ್ದುಕೊಂಡು ಒಬ್ಬ ಅಜ್ಜ ಹತ್ತಿದರು. ಮುಂದಿನ ಸೀಟಿನ ಹೆಂಗಸು ಸೆರಗು ಎಳೆದು ಮೂಗಿಗೆ ಹಿಡಿದಳು.

"ಅಜ್ಜಾ, ಹಿಂದ ನಡಿ, ಮಂದಿಗಿ ನಾರ್ತೈತಿ" ಎಂದ ಕಂಡಕ್ಟರ್.

"ತೊಯ್ದ ಕಂಬಳಿ ನಾರದ, ಮಲ್ಲಿಗಿ ಹೂವಿನಂಗ ಘಮ್ ಅಂತೈತೇನಪಾ" ಎನ್ನುತ್ತ ಅಜ್ಜ ನನ್ನ ಪಕ್ಕದಲ್ಲೇ ಕೂತರು.

ನಾನು ಸರಿದು ಜಾಗ ಮಾಡಿಕೊಟ್ಟೆ. ಆ ವಾಸನೆ ನನಗೆ ಹೊಸದಲ್ಲ. ಬಿಸಿಎ ಓದಿದ ಮೂರೂ ವರ್ಷ ದಿನಾ ಬೆಳಿಗ್ಗೆ ದೇವಣಗಾಂವದ ನಮ್ಮ ಮನೆಯಿಂದ ಹೊರಡುವ ಮುನ್ನ ದುಪಟ್ಟಾ ಮೂಸಿ ನೋಡಿಕೊಳ್ಳುತ್ತಿದ್ದೆ, ಆ ವಾಸನೆ ಹತ್ತಿದೆಯೇನೋ ಎಂದು. ಹತ್ತಿದ್ದರೆ ಬೇರೆ ಹಾಕಿಕೊಳ್ಳುತ್ತಿದ್ದೆ. ಬೇರೆ ಇಲ್ಲದ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ನಿಂತು ಗಾಳಿಗೆ ಹಿಡಿಯುತ್ತಿದ್ದೆ.

ನಾನೀಗ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರಾದರೂ ಕೇಳದಿದ್ದರೂ ಹೇಳುತ್ತೇನೆ. ಹೇಗೆ ಓದಿದೆ ಎಂದು ಮಕ್ಕಳು ಕೇಳಿದರೆ ಬಸ್ಸಿನ ಕತೆ, ಕರೆಂಟಿನ ಕತೆ, ಇಂಗ್ಲಿಷಿನ ಕತೆ ಹೇಳುತ್ತೇನೆ. ಹೊಟ್ಟೆಕಿಚ್ಚಿನ ಕತೆ ಮಾತ್ರ ಇಲ್ಲಿಯತನಕ ಯಾರಿಗೂ ಹೇಳಿಲ್ಲ. ನನ್ನನ್ನು ಪಾಸು ಮಾಡಿಸಿದ್ದರಲ್ಲಿ ಅದರ ಪಾಲೂ ಇದೆ. ಆ ಅಜ್ಜ ಸಿಂದಗಿಯಲ್ಲಿ ಇಳಿಯುವಷ್ಟರಲ್ಲಿ ಇದನ್ನು ಬರೆದೇ ಬಿಡಬೇಕು ಅನ್ನಿಸಿತು.

ಅವಳ ಹೆಸರು ವೈದೇಹಿ. ನನ್ನ ಕ್ಲಾಸಿನವಳು, ನಮ್ಮ ಕಾಲೇಜಿದ್ದ ಸಿಂದಗಿಯವಳೇ. ಅಪ್ಪ ಗಣಿತದ ಮೇಷ್ಟ್ರು. ಮನೆಯಲ್ಲಿ ಅಜ್ಜಿಯ ಜೊತೆ ಮರಾಠಿ, ಓಣಿಯಲ್ಲಿ ಕನ್ನಡ, ಪುಸ್ತಕ ಹಿಡಿದರೆ ಇಂಗ್ಲಿಷ್, ಮೂರೂ ಅವಳ ನಾಲಿಗೆಯ ಮೇಲೆ ಎಣ್ಣೆ ಹಚ್ಚಿದಂತೆ ಜಾರುತ್ತಿದ್ದವು. ನಾನು ಹತ್ತನೆಯ ತನಕ ಊರ ಸಾಲಿಯಲ್ಲಿ ಕನ್ನಡದಲ್ಲಿ ಓದಿದವಳು. ಡೇಟಾ ಸ್ಟ್ರಕ್ಚರ್ಸ್ ಪುಸ್ತಕದ ಒಂದು ಪುಟ ದಾಟಲು ನನಗೆ ಡಿಕ್ಷನರಿಯ ಹತ್ತು ಪುಟ ಬೇಕಾಗುತ್ತಿದ್ದವು. ಅವಳ ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ಅವಳದೇ ಲ್ಯಾಪ್‌ಟಾಪ್ ಇತ್ತು. ನನಗೆ ಕಾಲೇಜಿನ ಲ್ಯಾಬ್ ಮಾತ್ರ. ಅಲ್ಲಿಯೂ ಅರ್ಧ ಕಂಪ್ಯೂಟರುಗಳು ಕೆಟ್ಟು ಕೂತಿದ್ದರಿಂದ ಒಂದಕ್ಕೆ ಇಬ್ಬರು. ರೋಲ್ ನಂಬರಿನ ಪ್ರಕಾರ ನಮ್ಮಿಬ್ಬರ ಜೋಡಿ ಬಿದ್ದಿತ್ತು. ಮೌಸ್ ಯಾವಾಗಲೂ ಅವಳ ಕೈಯಲ್ಲಿ. ಅವಳು ಕಸಿದುಕೊಂಡಿದ್ದಲ್ಲ, ನಾನು ಹಿಡಿಯಲು ಅಂಜುತ್ತಿದ್ದೆ. ಆದರೂ ಮನಸ್ಸಿನಲ್ಲಿ ಕಸಿದುಕೊಂಡಳು ಎಂದೇ ಬರೆದಿಟ್ಟುಕೊಂಡಿದ್ದೆ.

ನಾಲ್ಕು ಗಂಟೆಯಾದರೆ ನನಗೆ ಊರ ಬಸ್ಸು. ಪ್ರೋಗ್ರಾಂ ಅರ್ಧಕ್ಕೆ ಬಂದಿರಲಿ, ಮುಗಿದಿರಲಿ, ಎದ್ದು ಓಡಬೇಕು. ಉಳಿದದ್ದನ್ನು ಬಸ್ಸಿನಲ್ಲಿ ಕೂತು ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಬರೆದ ಮೇಲೆ ನಾನೇ ಕಂಪ್ಯೂಟರ್ ಆಗುತ್ತಿದ್ದೆ. ಮೊದಲ ಸಾಲು ಓದು, ಇದರ ಬೆಲೆ ಒಂದು, ಎರಡನೇ ಸಾಲಿಗೆ ಬಾ, ಈಗ ಇದರ ಬೆಲೆ ಎರಡು, ಮತ್ತೆ ಮೇಲಕ್ಕೆ ಹೋಗು. ಹೀಗೆ ಬೆರಳು ಮಡಚುತ್ತ ಒಂದೊಂದು ಪ್ರೋಗ್ರಾಂ ಮೂರು ಸಲ ಓಡಿಸುತ್ತಿದ್ದೆ. ಕಾಗದ ಎಂದೂ ಎರರ್ ತೋರಿಸುವುದಿಲ್ಲ. ಬಸ್ಸಿನಲ್ಲಿ ನಾನು ಬಹಳ ಜಾಣೆಯಾಗಿದ್ದೆ. ಮರುದಿನ ಲ್ಯಾಬಿನಲ್ಲಿ ಟೈಪ್ ಮಾಡಿದರೆ ಸ್ಕ್ರೀನ್ ತುಂಬ ಕೆಂಪು. ವೈದೇಹಿ ಬಗ್ಗಿ ನೋಡಿ, "ಇಲ್ಲೊಂದು ಬ್ರ್ಯಾಕೆಟ್ ಬಿಟ್ಟಿ ನೋಡು" ಎಂದು ಕಿರುಬೆರಳಿನಿಂದ ಒಂದು ಕೀ ಒತ್ತಿದರೆ ಎಲ್ಲ ಸರಿ. ಆ ಕಿರುಬೆರಳನ್ನು ಕಚ್ಚಬೇಕು ಅನ್ನಿಸುತ್ತಿತ್ತು.

ದ್ವೇಷಿಸಲು ಒಂದು ಕಾರಣವಾದರೂ ಕೊಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅದನ್ನೂ ಕೊಡಲಿಲ್ಲ. ಅವಳ ಮನೆಗೆ ಹೋದ ದಿನ ಅವಳ ಅಜ್ಜಿ ನನ್ನನ್ನು ಎಲ್ಲಿ ಕೂಡಿಸುತ್ತಾರೆ, ಚಹಾ ಯಾವ ಕಪ್ಪಿನಲ್ಲಿ ಕೊಡುತ್ತಾರೆ ಎಂದು ಕಣ್ಣಿಟ್ಟು ನೋಡಿದೆ. ಅಜ್ಜಿ ವೈದೇಹಿಯ ಕಪ್ಪಿನಂಥದೇ ಕಪ್ಪಿನಲ್ಲಿ ಚಹಾ ಕೊಟ್ಟು, "ಭಾಳ ಬಿಸಿಲಾಗ ಬಂದೀ, ಫ್ಯಾನಿನ ಕೆಳಗ ಕೂಡು ಬಾಳ" ಎಂದರು. ಮೊಮ್ಮಗಳನ್ನು ಕರೆಯುವಂತೆ ನನ್ನನ್ನೂ ಬಾಳ ಎಂದರು. ಅರ್ಧ ಕಪ್ಪು ಚಹಾ ಹಾಗೇ ಬಿಟ್ಟು ಎದ್ದೆ.

ಆರನೇ ಸೆಮಿಸ್ಟರಿಗೆ ಪ್ರಾಜೆಕ್ಟ್ ಮಾಡಬೇಕಿತ್ತು. ಅದು ಪಾಸಾಗದಿದ್ದರೆ ಡಿಗ್ರಿಯಿಲ್ಲ. ಲ್ಯಾಬ್ ನೋಡಿಕೊಳ್ಳುತ್ತಿದ್ದ ನಮ್ಮ ಸರ್ ಮೊದಲ ದಿನವೇ ಹೇಳಿದರು: "ಲೈಬ್ರರಿದು, ದವಾಖಾನಿದು, ಹೋಟೆಲಿಂದು ತರಬ್ಯಾಡ್ರಿ. ಎಲ್ಲಾ ಎಲ್ಲಿಂದೋ ಇಳಿಸಿಕೊಂಡಿದ್ದು, ನನಗ ಬಾಯಿಪಾಠ ಆಗ್ಯಾವ. ನಿಮ್ಮ ಮನ್ಯಾಗಿಂದು, ನಿಮ್ಮ ಓಣ್ಯಾಗಿಂದು ಏನಾರ ತರ್ರಿ."

ವೈದೇಹಿ ತಕ್ಷಣ ನನ್ನ ಕಡೆ ತಿರುಗಿದಳು. "ಮಾಳು, ನಿಮ್ಮ ಮನ್ಯಾಗ ಕುರಿ ಅದಾವಲ್ಲ? ಕುರಿ ಲೆಕ್ಕದ ಸಾಫ್ಟ್‌ವೇರ್ ಮಾಡೂಣು."

ಹಿಂದಿನ ಬೆಂಚಿನಿಂದ ಯಾರೋ ಬ್ಯಾ ಎಂದರು. ಕ್ಲಾಸೆಲ್ಲ ನಕ್ಕಿತು. ಮೂರು ವರ್ಷ ದುಪಟ್ಟಾ ಮೂಸಿ ಮೂಸಿ ಮುಚ್ಚಿಟ್ಟಿದ್ದನ್ನು ಇವಳು ಒಂದೇ ಮಾತಿನಲ್ಲಿ ಬಿಚ್ಚಿ ಹರವಿದ್ದಳು. ಸರ್ ನಗಲಿಲ್ಲ. "ಚಲೋ ಐತಿ. ಬರೀರಿ ಇಬ್ಬರ ಹೆಸರು" ಎಂದರು.

ಮಾರ್ಚ್ ತಿಂಗಳ ಒಂದು ಭಾನುವಾರ ವೈದೇಹಿ ನಮ್ಮೂರಿಗೆ ಬಂದಳು. ಜೋಳದ ಸುಗ್ಗಿ ಮುಗಿದಿತ್ತು. ಹೊಲಗಳಲ್ಲಿ ಬರೀ ಕೊಯ್ದ ಕೂಳೆ ನಿಂತಿತ್ತು. ಅಪ್ಪನ ಹಿಂಡು ಭೀಮಾ ದಂಡೆಯ ಕಡೆಯ ಒಬ್ಬ ಗೌಡರ ಹೊಲದಲ್ಲಿ ಗೊಬ್ಬರಕ್ಕೆಂದು ಬೀಡು ಬಿಟ್ಟಿತ್ತು. ಅವ್ವ ಬೆಳಿಗ್ಗೆಯಿಂದ ತಳಮಳಿಸುತ್ತಿದ್ದಳು. "ಆಚಾರದ ಮಂದಿ. ನಮ್ಮ ಮನ್ಯಾಗ ಉಣ್ತಾಳೋ ಇಲ್ಲೋ, ಬಾಳೀಹಣ್ಣು ತರಿಸಿಡ್ಲೇನು?" ಎಂದು ನನ್ನನ್ನು ಮೂರು ಸಲ ಕೇಳಿದಳು. ಅವಳು ಉಣ್ಣಲಿಕ್ಕಿಲ್ಲ ಎಂದೇ ನಾನು ನಂಬಿದ್ದೆ. ನಿಜ ಹೇಳಬೇಕೆಂದರೆ, ಉಣ್ಣದಿರಲಿ ಎಂದು ಆಸೆಪಟ್ಟಿದ್ದೆ. ಅವಳು ಎರಡು ರೊಟ್ಟಿ ಉಂಡು, "ಮಾಂಶಿ, ಶೇಂಗಾ ಹಿಂಡಿ ಇನ್ನೊಂದೀಟು ಹಾಕ್ರಿ" ಎಂದು ತಾಟು ಮುಂದೆ ಚಾಚಿದಳು. ಅವ್ವ ಅವತ್ತಿನಿಂದ ಅವಳ ಪಕ್ಷ.

ಹೊಲಕ್ಕೆ ಹೋದೆವು. ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಅಪ್ಪ ಕೂತಿದ್ದ. ಅಪ್ಪನನ್ನು ನೋಡಿದವರಿಗೆ ಇವನಿಗೆ ಮಾತು ಬರುವುದಿಲ್ಲವೇನೋ ಅನ್ನಿಸಬೇಕು, ಅಷ್ಟು ಮಿತ. ಮನೆಗೆ ಬಂದರೆ ನನಗೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಉಂಡೇನು, ಓದಿದೇನು. ಮೂರನೆಯದನ್ನು ನಾನು ಕೇಳಿದ ನೆನಪಿಲ್ಲ. ವೈದೇಹಿ ಆ ಕಂಬಳಿಯ ಮೇಲೆ ಚಪ್ಪಲಿ ಕಳಚಿ ಮಂಡಿಗಾಲು ಹಾಕಿ ಕೂತಳು. ನಾನು ಕಲ್ಲಿನ ಮೇಲೆ ಕೂತೆ.

"ಕಾಕಾ, ಎಷ್ಟು ಕುರಿ ಅದಾವರಿ ನಿಮ್ಮೂವು?"

"ಅದಾವವ್ವ, ಒಂದೀಟು."

"ಒಂದೀಟು ಅಂದ್ರ? ನೂರೋ, ನೂರೈವತ್ತೋ?"

ಅಪ್ಪ ತಲೆ ಅಲ್ಲಾಡಿಸಿದ. "ಕುರಿ ಎಣಿಸಬಾರ್ದವ್ವ. ಎಣಿಸಿ ಬಾಯಿಲೆ ಹೇಳಿದ್ರ ದೃಷ್ಟಿ ಆಗ್ತೈತಿ."

ನನಗೆ ನಾಚಿಕೆಯಾಯಿತು. ಲೆಕ್ಕದ ಸಾಫ್ಟ್‌ವೇರ್ ಮಾಡಲು ಬಂದವಳ ಮುಂದೆ ಎಣಿಸಬಾರದು ಎನ್ನುತ್ತಾನೆ. "ಅಪ್ಪಾ, ಈಗಿನ ಕಾಲದಾಗ ಅದೆಲ್ಲ ಯಾರು ನಂಬ್ತಾರ" ಎಂದೆ. ವೈದೇಹಿ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ.

"ಹಂಗಾರ ಎಣಿಸೂದು ಬ್ಯಾಡ್ರಿ ಕಾಕಾ. ಎಣಿಸದ ಒಂದು ಕುರಿ ಕಳದೈತಿ ಅಂತ ಹ್ಯಾಂಗ ಗೊತ್ತಾಗ್ತೈತ್ರಿ ನಿಮಗ?"

ಅಪ್ಪ ಅವಳ ಮುಖ ನೋಡಿದ. ಆಮೇಲೆ ನಕ್ಕ. "ನಿಮ್ಮ ಮನ್ಯಾಗ ಊಟಕ್ಕ ಕುಂತಾಗ ಒಬ್ಬರು ಇಲ್ಲಂದ್ರ ಎಣಿಸಿ ನೋಡ್ತಿಯೇನು? ಮಾರಿ ಕಾಣೂದಿಲ್ಲ, ಅಷ್ಟ."

ಅಲ್ಲಿಂದ ಅವನ ಮಾತು ಶುರುವಾಯಿತು. ಆ ಕೆಂಪಿ ನೋಡು, ಅದರ ಅವ್ವನೂ ಹಿಂಗ ಒಂದ ಕಡೆ ತಲೆ ಓರೆ ಮಾಡಿ ಮೇಯುತ್ತಿತ್ತು. ಈ ಚಿಕ್ಕಿ ಹೋದ ವರ್ಷ ಅವಳಿ ಹಾಕಿತ್ತು, ಒಂದು ಮರಿಗೆ ಹಾಲು ಕೊಡದೆ ಒದೆಯುತ್ತಿತ್ತು, ಅದಕ್ಕೆ ಇನ್ನೊಂದರ ಹಾಲು ಕುಡಿಸಿ ಸಾಕಿದೆ, ಈಗ ಆ ಮರಿ ಹೆತ್ತವಳನ್ನು ಬಿಟ್ಟು ಸಾಕಿದವಳ ಹಿಂದೆಯೇ ತಿರುಗುತ್ತದೆ. ಮರಿ ಯಾವುದು ಎಂದು ತಿಳಿಯದಿದ್ದರೆ ತಾಯಿ ಯಾರು ಎಂದು ನೋಡಬೇಕು, ತಾಯಿ ಸಿಕ್ಕರೆ ಮರಿ ಸಿಕ್ಕಂತೆ. ವೈದೇಹಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಲೇ ಇದ್ದಳು. ಅಪ್ಪ ಹೇಳುತ್ತಲೇ ಇದ್ದ. ಇಪ್ಪತ್ತೊಂದು ವರ್ಷ ಅವನ ಮಗಳಾಗಿದ್ದ ನಾನು ಅಷ್ಟು ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ.

ಲ್ಯಾಪ್‌ಟಾಪಿನ ಹೊಟ್ಟೆಕಿಚ್ಚು ಏನೂ ಅಲ್ಲ. ಇಂಗ್ಲಿಷಿನದೂ ಏನೂ ಅಲ್ಲ. ಅವು ನನ್ನವಾಗಿರಲಿಲ್ಲ, ಅವಳ ಹತ್ತಿರ ಇದ್ದವು, ಆಯಿತು. ಅಪ್ಪ ನನ್ನವನು. ಅವಳು ನಮ್ಮ ಊರಿಗೆ ಬಂದು, ನಮ್ಮ ಕಂಬಳಿಯ ಮೇಲೆ ಕೂತು, ಒಂದು ಮಧ್ಯಾಹ್ನದಲ್ಲಿ ನನ್ನ ಅಪ್ಪನ ಬಾಯಿ ತೆರೆಸಿದ್ದಳು. ನನಗೆ ಅಲ್ಲಿ ಕೂರಲಾಗಲಿಲ್ಲ. "ನೀರು ತರ್ತೇನಿ" ಎಂದು ಕೊಡ ಎತ್ತಿಕೊಂಡು ಎದ್ದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ವೈದೇಹಿ ತೊಡೆಯ ಮೇಲೆ ಒಂದು ಮರಿ ಕೂಡಿಸಿಕೊಂಡು ಅದರ ಕಿವಿ ಹಿಡಿದು ಏನೋ ಕೇಳುತ್ತಿದ್ದಳು. ಅಪ್ಪ ಬಗ್ಗಿ ತೋರಿಸಿ ಹೇಳುತ್ತಿದ್ದ. ಏನು ಹೇಳಿದನೋ ನನಗೆ ಕೇಳಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಬಾವಿಯ ಹತ್ತಿರ ಬೇಕೆಂದೇ ಹೊತ್ತು ಮಾಡಿದೆ.

ಏಪ್ರಿಲ್, ಮೇ ಎರಡೂ ತಿಂಗಳು ಲ್ಯಾಬಿನಲ್ಲಿ ಕಳೆದವು. ಹೊರಗೆ ಬಿಸಿಲು ಹಂಚು ಕಾದಂತೆ ಕಾಯುತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಕುಂಯ್ಗುಡುತ್ತ ಹತ್ತು ನಿಮಿಷ ತಾಳುತ್ತಿತ್ತು. ಆ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಉಳಿಸಿಕೊಳ್ಳಬೇಕು. ಟೈಪಿಂಗಿನ ಬಹುಪಾಲು ಕೆಲಸ ನಾನೇ ಮಾಡಿದೆ. ಬಸ್ಸಿನಲ್ಲಿ ಬರೆದು ತಂದದ್ದು ಈಗ ಮೊದಲಿನಷ್ಟು ಕೆಂಪಾಗುತ್ತಿರಲಿಲ್ಲ. ಆದರೆ ಯೋಚನೆಯೆಲ್ಲ ವೈದೇಹಿಯದು. ಪ್ರತಿ ಕುರಿಯ ಸಾಲಿನಲ್ಲೂ ತಾಯಿ ಯಾವುದು ಎಂಬ ಒಂದು ಕಾಲಂ ಇಟ್ಟಳು. ಒಂದು ಮರಿಯ ಮೇಲೆ ಒತ್ತಿದರೆ ತಾಯಿ, ಅಜ್ಜಿ, ಮುತ್ತಜ್ಜಿಯ ತನಕ ತೋರಿಸುತ್ತಿತ್ತು. ಒಟ್ಟು ಎಷ್ಟು ಕುರಿ ಎಂದು ಎಲ್ಲೂ ತೋರಿಸಲಿಲ್ಲ. "ಕಾಕಾ ಬ್ಯಾಡ ಅಂದಾರ" ಎಂದಳು. ಸರ್ ಬಂದು ನೋಡಿ, "ಈ ತಾಯಿದು ಯಾರ ಐಡಿಯಾ?" ಎಂದು ಕೇಳಿದರು. "ವೈದೇಹಿದ್ರಿ ಸರ್" ಎಂದು ನಾನೇ ಹೇಳಬೇಕಾಯಿತು. "ಭೇಷ್" ಎಂದು ಅವಳಿಗೆ ಹೇಳಿ ಮುಂದೆ ಹೋದರು. ಕುರಿ ನಮ್ಮವು, ಅಪ್ಪ ನನ್ನವನು, ಬೆರಳು ನೋಯಿಸಿಕೊಂಡವಳು ನಾನು. ಭೇಷ್ ಅವಳಿಗೆ.

ಜೂನ್ ಮೊದಲ ವಾರ ಪರೀಕ್ಷೆ. ಹೊರಗಿನ ಪರೀಕ್ಷಕರೊಬ್ಬರು ಬಂದು ಪ್ರಾಜೆಕ್ಟ್ ನೋಡಿ, ಪ್ರಶ್ನೆ ಕೇಳಿ, ಒಬ್ಬೊಬ್ಬರಿಗೆ ಬೇರೆ ಬೇರೆ ಅಂಕ ಹಾಕುತ್ತಾರೆ. ರಿಪೋರ್ಟ್ ಬೈಂಡಿಂಗ್ ಆಗಿ ಬಂದಿತ್ತು. ಪರೀಕ್ಷೆಗೆ ಎರಡು ದಿನ ಮೊದಲು ವೈದೇಹಿ ಅಣ್ಣನ ಮಗನ ಮುಂಜಿಗೆಂದು ಸೊಲ್ಲಾಪುರಕ್ಕೆ ಹೋದಳು. "ಎಲ್ಲಾ ಮುಗದೈತಿ, ಏನೂ ಮುಟ್ಟಬ್ಯಾಡ. ಪರೀಕ್ಷಾ ದಿನ ಮುಂಜಾನೆ ನೆಟ್ಟಗ ಕಾಲೇಜಿಗೇ ಬರ್ತೇನಿ" ಎಂದು ಹೇಳಿ ಹೋದಳು.

ಮುಟ್ಟಬ್ಯಾಡ ಎಂದದ್ದೇ ನನಗೆ ಹತ್ತಿತು. ನನ್ನ ಮನೆಯ ಕುರಿ, ನಾನು ಮುಟ್ಟಬಾರದೇ? ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದೆ. ಮೌಸ್ ನನ್ನ ಕೈಯಲ್ಲಿತ್ತು. ಇಡೀ ಪ್ರಾಜೆಕ್ಟಿನಲ್ಲಿ ಇದು ಮಾಳಮ್ಮನದು ಎಂದು ಬೆರಳಿಟ್ಟು ತೋರಿಸುವಂಥದು ಒಂದಾದರೂ ಇರಲಿ ಅನ್ನಿಸಿತು.

ಪ್ರೈಮರಿ ಕೀ ಅಂತ ಒಂದು ಇರುತ್ತದೆ. ಟೇಬಲ್ಲಿನ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಕಲಬೆರಕೆಯಾಗದಂತೆ ಪ್ರತಿಯೊಂದಕ್ಕೂ ಒಂದು ಗುರುತು ಬೇಕು. ಒಂದರ ಗುರುತು ಇನ್ನೊಂದಕ್ಕೆ ಇರಕೂಡದು, ನಮ್ಮ ಆಧಾರ್ ನಂಬರ್ ಇದ್ದ ಹಾಗೆ. ವೈದೇಹಿ ಅದಕ್ಕೆ ಕಂಪ್ಯೂಟರ್ ತಾನೇ ಕೊಡುವ ಒಂದು ನಂಬರ್ ಇಟ್ಟಿದ್ದಳು. ಕುರಿಗೆ ಎಲ್ಲಿಯ ನಂಬರ್? ಕುರಿಗಾರರು ಮರಿಯ ಕಿವಿಯ ಅಂಚು ಕತ್ತರಿಸಿ ಗುರುತು ಮಾಡುತ್ತಾರೆ. ಸಣ್ಣವಳಿದ್ದಾಗ ಅಪ್ಪ ಒಂದು ಮರಿಯನ್ನು ಕಾಲ ನಡುವೆ ಹಿಡಿದು ಕಿವಿ ಕತ್ತರಿಸುವುದನ್ನು ನಾನೇ ಕಂಡಿದ್ದೆ. ರಕ್ತ ನೋಡಿ ಅತ್ತು ಮನೆಗೆ ಓಡಿದ್ದೆ. ಒಂದೊಂದು ಮರಿಗೆ ಒಂದೊಂದು ಗುರುತು, ಅದಕ್ಕೇ ಅಲ್ಲವೇ ಕತ್ತರಿಸುವುದು. ಇಷ್ಟು ಸುಲಭದ್ದು ಮೇಷ್ಟ್ರ ಮಗಳಿಗೆ ಹೊಳೆಯಲಿಲ್ಲ, ಕುರಿಗಾರನ ಮಗಳಿಗೆ ಹೊಳೆಯಿತು ಎಂದು ಹಿಗ್ಗಿದೆ. ನಂಬರಿನ ಕಾಲಂ ತೆಗೆದು ಹಾಕಿದೆ. ಕಿವಿಯ ಗುರುತನ್ನು ಕೀ ಮಾಡಿದೆ. ತಾಯಿಯ ಕಾಲಮಿನಲ್ಲಿಯೂ ತಾಯಿಯ ಕಿವಿಯ ಗುರುತು ಬರುವಂತೆ ಬದಲಿಸಿದೆ. ಐದು ಕುರಿಗೆ ಐದು ತರದ ಗುರುತು ಮನಸ್ಸಿನಿಂದಲೇ ಹುಟ್ಟಿಸಿ ತುಂಬಿ ನೋಡಿದೆ. ಬೆಣ್ಣೆಯಂತೆ ಓಡಿತು.

ಅವತ್ತು ಮನೆಗೆ ಹೋದಾಗ ಅಪ್ಪ ಇದ್ದ. ಕೇಳಬಹುದಿತ್ತು. ಉಂಡೇನು ಎಂದ, ಉಂಡೆ ಎಂದೆ.

ಪರೀಕ್ಷೆಯ ದಿನ ಮುಗಿಲು ಕಪ್ಪಾಗಿ ಧೂಳು ಎದ್ದಿತ್ತು. ವೈದೇಹಿ ಬಸ್ಸಿನಿಂದಿಳಿದು ನೇರ ಲ್ಯಾಬಿಗೆ ಓಡಿ ಬಂದಳು, ಕೈಯಲ್ಲಿ ಇನ್ನೂ ಮದರಂಗಿ, ತಲೆಗೂದಲಲ್ಲಿ ಧೂಳು. ನಮ್ಮ ಸರದಿ ಬಂದೇ ಬಿಟ್ಟಿತ್ತು. ಪರೀಕ್ಷಕರು ಕನ್ನಡಕದ ಮೇಲಿಂದ ನೋಡುವ ವಯಸ್ಸಾದ ಸರ್, ಇಂಡಿ ಕಡೆಯವರಂತೆ. ರಿಪೋರ್ಟ್ ತಿರುವಿ, "ಛಲೋ ಐತಿ. ಒಂದೆರಡು ಕುರಿ ಸೇರಿಸಿ ತೋರಸ್ರಿ" ಎಂದರು.

ವೈದೇಹಿ ತನ್ನ ನೋಟ್‌ಬುಕ್ ತೆರೆದಳು. ಅಪ್ಪ ಹೇಳಿದ ಕುರಿಗಳೆಲ್ಲ ಅದರಲ್ಲಿದ್ದವು. ಕೆಂಪಿಯನ್ನು ಸೇರಿಸಿದಳು. ಸೇರಿತು. ಚಿಕ್ಕಿಯನ್ನು ಸೇರಿಸಿದಳು. ಸ್ಕ್ರೀನ್ ಕೆಂಪಾಯಿತು. ಡುಪ್ಲಿಕೇಟ್ ಎಂಟ್ರಿ, ಈ ಗುರುತು ಮೊದಲೇ ಇದೆ. ಇನ್ನೊಂದು ಕುರಿ ಹಾಕಿದಳು. ಮತ್ತೆ ಕೆಂಪು. ನನಗೆ ಆಗಲೂ ತಿಳಿಯಲಿಲ್ಲ. ಅಲ್ಲಿಯತನಕ ನಾನು ಒಮ್ಮೆಯೂ ಓದದ ಅವಳ ನೋಟ್‌ಬುಕ್ಕನ್ನು ಬಗ್ಗಿ ನೋಡಿದೆ. ಎಲ್ಲ ಕುರಿಗಳ ಮುಂದೆಯೂ ಕಿವಿಯ ಗುರುತು ಒಂದೇ: ಎಡಗಿವಿ, ಕೆಳಗೆ ಒಂದು ಕಚ್ಚು. ಕೆಳಗೆ ಅವಳ ಗುಂಡು ಅಕ್ಷರದಲ್ಲಿ, 'ಗುರ್ತು ಕುರೀದಲ್ಲ, ಮನೆತನದ್ದು. ಬೇರೆಯವರ ಹಿಂಡಿನಾಗ ಕೂಡಿದರ ತಿರುಗಿ ಸಿಗಲಿ ಅಂತ.'

ಪರೀಕ್ಷಕರು ಸ್ಕ್ರೀನ್ ನೋಡಿದರು, ರಿಪೋರ್ಟ್ ನೋಡಿದರು. "ಇದರಾಗ ನಂಬರ್ ಕೀ ಅಂತ ಬರದೀರಿ. ಇಲ್ಲಿ ಕಿವಿ ಐತಿ. ಒಂದು ಮನಿ ಕುರಿಗೆಲ್ಲಾ ಕಿವಿ ಒಂದ ಥರ ಕೊಯ್ದಿರ್ತಾರ, ಅದು ಗೊತ್ತಿಲ್ಲೇನು? ನಿಮ್ಮಿಬ್ಬರಾಗ ಕುರಿ ಸಾಕಿದೋರ ಮನಿಯಾಕಿ ಯಾರು?"

"ನಾನ್ರಿ" ಎಂದೆ.

"ಹಂಗಾರ ಈ ಕಿವಿ ಕೀ ಮಾಡಿದೋರು ಯಾರು?"

ವೈದೇಹಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿದು ಹೋಗಿತ್ತು. ಅವಳೇ ಹೇಳಿದಳು: "ನಾನ್ರೀ ಸರ್. ನನಗ ಕುರಿ ಗೊತ್ತಿಲ್ಲ, ಅದಕ್ಕ ತಪ್ಪಾತ್ರಿ."

ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ. ಅವಳಿಗೆ ನಾಲ್ಕು ಅಂಕ ಹೋದರೂ ಏನೂ ಆಗುತ್ತಿರಲಿಲ್ಲ. ನನಗೆ ಹೋದರೆ ಮೂರು ವರ್ಷದ ಬಸ್ಸು, ಡಿಕ್ಷನರಿ, ಬೆರಳು ಮಡಚಿದ್ದು ಎಲ್ಲ ಹೋಗುತ್ತಿತ್ತು. ಊರಲ್ಲಿ ಅವ್ವ ಮಗಳದು ಡಿಗ್ರಿ ಆಯಿತು ಎಂದು ಆಗಲೇ ನಾಲ್ಕು ಮನೆಗೆ ಹೇಳಿಯಾಗಿತ್ತು. ಅದೆಲ್ಲ ನನ್ನ ತಲೆಯಲ್ಲಿ ಬಂದು ಹೋಯಿತು. ಆದರೆ ಅದಕ್ಕಿಂತ ಮೇಲೆ ಒಂದೇ ವಿಚಾರ ಕುದಿಯಿತು: ಒಳ್ಳೆಯತನದಲ್ಲೂ ಇವಳೇ ಮುಂದೆಯೇ? ಇದೊಂದನ್ನಾದರೂ ಇವಳಿಗೆ ಬಿಟ್ಟುಕೊಡಬಾರದು.

"ಸುಳ್ಳ್ರಿ ಸರ್. ಆಕಿ ಊರಾಗ ಇರಲಿಲ್ಲ. ನಾ ಮಾಡೀನ್ರಿ. ಆಕಿಗಿ ಹೇಳದ ಮಾಡೀನಿ."

ಮಂದಿ ಇದನ್ನು ಪ್ರಾಮಾಣಿಕತೆ ಎನ್ನಬಹುದು. ನಮ್ಮ ಸರ್ ಆಮೇಲೆ ಹಾಗೆಂದೇ ಹೊಗಳಿದರು. ನಾನು ಸತ್ಯ ಹೇಳಿದ್ದು ಅವಳ ಮೇಲಿನ ಹೊಟ್ಟೆಕಿಚ್ಚಿನಿಂದ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಪರೀಕ್ಷಕರು ಗಡಿಯಾರ ನೋಡಿದರು. "ಮಾಡಿದಾಕಿನ ಸರಿ ಮಾಡಲಿ. ಇಪ್ಪತ್ತು ನಿಮಿಷ ಕೊಡ್ತೇನಿ. ನೀ ಮಾತಾಡಬ್ಯಾಡವಾ" ಎಂದು ವೈದೇಹಿಯನ್ನು ಆಚೆ ಕೂಡಿಸಿದರು.

ಕೀಬೋರ್ಡ್ ಸರಿಸಿ ಮೊದಲು ಒಂದು ಕಾಗದ ತೆಗೆದುಕೊಂಡೆ. ನಂಬರಿನ ಕಾಲಂ ತಿರುಗಿ ಹಾಕಬೇಕು. ಆದರೆ ತಾಯಿಯ ಕಾಲಂ ಈಗ ಕಿವಿಯ ಮೇಲೆ ನಿಂತಿದೆ. ಅದನ್ನು ಬಿಡಿಸದೆ ಕೀ ಬದಲಿಸಿದರೆ ಎಲ್ಲ ಮರಿಗಳೂ ತಬ್ಬಲಿ. ಮೊದಲು ತಾಯಿಯನ್ನು ಬಿಡಿಸು, ಆಮೇಲೆ ನಂಬರ್, ಆಮೇಲೆ ತಾಯಿಯನ್ನು ಅದಕ್ಕೆ ಕಟ್ಟು, ಕೊನೆಗೆ ಹುಡುಕುವ ಜಾಗದಲ್ಲೆಲ್ಲ ಬದಲಿಸು. ಬಸ್ಸಿನಲ್ಲಿ ಮಾಡಿದಂತೆ ಬೆರಳು ಮಡಚಿ ಕಾಗದದ ಮೇಲೆ ಒಂದು ಸಲ ಓಡಿಸಿದೆ. ಆಮೇಲೆ ಟೈಪ್ ಮಾಡಿದೆ. ಒಂದು ಕಡೆ ಕೆಂಪು ಬಂತು. ಬ್ರ್ಯಾಕೆಟ್ ಬಿಟ್ಟಿದ್ದೆ. ಅವಳ ಕಿರುಬೆರಳಿಲ್ಲದೆ ನಾನೇ ಹುಡುಕಿದೆ. ಕೆಂಪಿ ಸೇರಿತು, ಚಿಕ್ಕಿ ಸೇರಿತು, ಚಿಕ್ಕಿಯ ಎರಡೂ ಮರಿ ಸೇರಿದವು.

"ಈ ಕಾಗದದ ಮ್ಯಾಲೆ ಬರ್ಯೂದು ಯಾರು ಕಲಿಸಿದ್ರು?" ಎಂದು ಕೇಳಿದರು ಪರೀಕ್ಷಕರು.

"ಯಾರೂ ಇಲ್ರಿ. ಮನ್ಯಾಗ ಕಂಪ್ಯೂಟರ್ ಇರಲಿಲ್ರಿ."

ಅವರು ಅಂಕ ಹಾಕಿ ಹಾಳೆ ಮಡಚಿದರು. ಮುಂದೆ ಫಲಿತಾಂಶ ಬಂದಾಗ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ. ವೈದೇಹಿ ಇಡೀ ಕಾಲೇಜಿಗೆ ಮೊದಲಿಗಳು. ಈಗ ಅವಳು ಸೊಲ್ಲಾಪುರದ ಒಂದು ಬ್ಯಾಂಕಿನಲ್ಲಿದ್ದಾಳೆ. ಅವಳ ವಾಟ್ಸ್ಯಾಪ್ ಸ್ಟೇಟಸ್ ಎಲ್ಲರಿಗಿಂತ ಮೊದಲು ನೋಡುವವಳು ನಾನೇ ಇರಬೇಕು.

ಆ ದಿನ ಬಸ್ ನಿಲ್ದಾಣದ ತನಕ ಅವಳು ನನ್ನ ಜೊತೆ ನಡೆದಳು. ಹನಿ ಶುರುವಾಗಿತ್ತು. ಕ್ಷಮೆ ಕೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು:

"ನನ್ನ ಬಿಟ್ಟು ಬದಲಿ ಮಾಡಿದಿ, ಅದಕ್ಕ ಸಿಟ್ಟಿಲ್ಲ. ಮನ್ಯಾಗ ಅಪ್ಪನ್ನ ಇಟಗೊಂಡು ಒಂದ ಮಾತು ಕೇಳಲಿಲ್ಲಲ್ಲ ಮಾಳು, ಅದಕ್ಕ."

ನನ್ನ ಬಸ್ಸು ಬಂತು. ಹತ್ತಿದೆ.

ಮನೆ ಮುಟ್ಟಿದಾಗ ಅಪ್ಪ ಮಳೆಗೆ ಮೊದಲು ಕುರಿದೊಡ್ಡಿಯ ಬೇಲಿ ಬಿಗಿಯುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಚೀಲ ಕೂಡ ಇಳಿಸದೆ ನಿಂತು ಕೇಳಿದೆ.

"ಅಪ್ಪಾ, ಆ ವೈದೇಹಿಗಿ ಎಲ್ಲಾ ಹೇಳ್ದಿ. ಕಿವಿ ಗುರ್ತು, ತಾಯಿ, ಮರಿ, ಎಲ್ಲಾ. ನನಗ ಯಾಕ ಒಂದ ದಿನಾನೂ ಹೇಳಲಿಲ್ಲ?"

ಅಪ್ಪ ಹಗ್ಗ ಬಿಡಲಿಲ್ಲ. "ನೀ ಕೇಳಿದ್ದಿಯೇನು?"

"ನಾ ಕೇಳಲಿಲ್ಲ. ನೀ ಯಾಕ ಹೇಳಲಿಲ್ಲ?"

ಅವನು ಅಡುಗೆಮನೆಯ ಕಡೆ ನೋಡಿದ. ರೊಟ್ಟಿಯ ಸಪ್ಪಳ ನಿಂತಿತ್ತು. ಅವ್ವ ಬಾಗಿಲಿಗೆ ಬಂದು ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಅಂವನ್ನ ಯಾಕ ಕೇಳ್ತಿ? ನಾ ಹೇಳಿದ್ದೆ" ಎಂದಳು. "ನೀ ಒಂದನೇ ಇಯತ್ತಕ್ಕ ಹೋಗೂ ದಿನಾನ ಹೇಳೀನಿ ಇಂವಗ. ಈ ಹುಡಿಗಿ ಮುಂದ ಕುರಿ ಮಾತು ತಗೀಬ್ಯಾಡ. ತಲ್ಯಾಗ ಕುರಿ ಹೊಕ್ರ ಸಾಲಿ ನಿಂದ್ರಂಗಿಲ್ಲ ಅಂತ. ನಮ್ಮಣ್ಣ ಹಂಗಾ ಸಾಲಿ ಬಿಟ್ಟ."

"ಅದಕ್ಕ ಹದಿನೈದು ವರ್ಷ ನನ್ನ ಮುಂದ ಬಾಯಿ ಮುಚಗೊಂಡು ಕುಂತಿದ್ದಿಯೇನು?"

"ಮತ್ತೇನು ಮಾತಾಡಲಿ" ಎಂದ ಅಪ್ಪ. "ನನಗ ಬರೂದು ಕುರಿ ಮಾತು ಒಂದ. ನಿನ್ನ ಸಾಲಿ ಮಾತು ನನಗ ಬರೂದಿಲ್ಲ. ಉಂಡೇನು, ಓದಿದೇನು ಅಂತ ಕೇಳ್ತಿದ್ದೆ."

ಅವನು ಅದನ್ನು ದುಃಖದಿಂದ ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ ಗಂಟು ಬಿಗಿದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ಇನ್ನ ನನ್ನ ಸಾಲಿ ಮುಗೀತು" ಎಂದೆ. "ನಾಳಿಗಿ ನಾನೂ ಬರ್ತೇನಿ."

ಮರುದಿನ ಬೆಳಕು ಹರಿಯುವಾಗ ಅವನ ಹಿಂದೆ ಹೋದೆ. ಮಳೆ ಬಿದ್ದ ಎರೆಮಣ್ಣು ಚಪ್ಪಲಿಗೆ ಮೆತ್ತಿ ಹೆಜ್ಜೆ ಭಾರವಾಗುತ್ತಿತ್ತು. ಅಪ್ಪ ಒಂದೊಂದಾಗಿ ತೋರಿಸಿದ. ಇದು ಇದರ ಮರಿ, ಅದು ಅದರ ತಂಗಿ, ಈ ಟಗರಿಗೆ ಸೊಕ್ಕು, ಹತ್ತಿರ ಹೋಗಬೇಡ. ಬಿಸಿಲು ಏರುವ ತನಕ ಹೇಳಿದ. ಆಮೇಲೆ ಒಂದು ಕಡೆ ನಿಲ್ಲಿಸಿ, "ಈಗ ನೀ ಹೇಳು. ಆ ಗಿಡದ ಬುಡಕ ನಿಂತಿದ್ದು ಯಾರ ಮರಿ?" ಎಂದ.

ನಾನು ಬಹಳ ಹೊತ್ತು ನೋಡಿದೆ. "ಕೆಂಪಿದು."

"ಅಲ್ಲ."

"ಚಿಕ್ಕಿದು."

"ಅಲ್ಲ. ಚಿಕ್ಕಿ ಒದ್ದ ಮರೀನ ಸಾಕಿದಾಕಿ ಅದಾಳಲ್ಲ, ಆಕೀದು" ಎಂದು ಅಪ್ಪ ಬಾಯಿಯಿಂದ ಒಂದು ಸಪ್ಪಳ ಮಾಡಿ ಆ ಮರಿಯನ್ನು ಕರೆದ. ಅದು ಓಡಿ ಬಂದು ಅವನ ಕಾಲಿಗೆ ತಿಕ್ಕಿತು. ಅವನು ಅದರ ತಲೆ ಸವರುತ್ತ, ನನ್ನ ಕಡೆ ನೋಡದೆ ಅಂದ:

"ಆ ಹುಡಿಗಿ ಒಂದ ಸಲಕ್ಕ ಗುರ್ತ ಹಿಡದಿದ್ಳು ನೋಡು."

ನಾನು ಅಲ್ಲಿಂದಲೇ ಮನೆಗೆ ತಿರುಗಿದೆ. ಆದರೆ ಮರುದಿನ ಅಪ್ಪ ಎದ್ದು ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ನಾನು ದೊಡ್ಡಿಯ ಬಾಗಿಲಲ್ಲಿ ನಿಂತು, ಒಂದೊಂದೇ ಮುಖ ನೋಡುತ್ತಿದ್ದೆ.